ಥ್ರೋಬಾಲ್ ಫಾರಂನಲ್ಲಿ ಎರಡೇ ಚೌಕ. ಏನು ಮಾಡೋಣ?

ಥ್ರೋಬಾಲ್ ಅಕ್ಕ (ಡೊಂಬಿವಲಿ) · 9 ನವೆಂಬರ್ 2025, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಸೂಕ್ಷ್ಮ, ಹಾಗಾಗಿ ವಾಟ್ಸಾಪ್ ಗುಂಪಿನಲ್ಲಿ ಹಾಕದೆ ಇಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಹಾಕಿದರೆ ಐದು ನಿಮಿಷದಲ್ಲಿ ಊರಲ್ಲಿರುವ ನನ್ನ ಅತ್ತಿಗೆಗೂ ಮುಟ್ಟುತ್ತದೆ.

ನಮ್ಮ ಸಂಘದ ಮಹಿಳಾ ವಿಭಾಗ ಪ್ರತಿ ಜನವರಿಯಲ್ಲಿ ಥ್ರೋಬಾಲ್ ಪಂದ್ಯ ಇಡುತ್ತದೆ. ಹದಿನಾರು ವರ್ಷದಿಂದ ಅದರ ಫಾರಂ ನನ್ನ ಕೈಯಿಂದಲೇ ಹೋಗುವುದು, ನನ್ನ ಕೈಗೇ ಬರುವುದು. ಈ ಸಲ ಒಂದು ಫಾರಂ ಬಂದಿದೆ. ಹುಡುಗಿಗೆ 23 ವರ್ಷ. "ಹುಡುಗಿ" ಅಂತ ಬರೆದುಬಿಟ್ಟೆ ನೋಡಿ, ಪ್ರಶ್ನೆ ಇರುವುದು ಅಲ್ಲೇ. ಹತ್ತು ಹನ್ನೆರಡು ವರ್ಷದ ಹಿಂದೆ ನಮ್ಮ ಭಾನುವಾರದ ಕನ್ನಡ ಕ್ಲಾಸಿಗೆ ಬರುತ್ತಿದ್ದಾಗ ಹುಡುಗ. ಕಾಗುಣಿತ ತಿದ್ದಿಸಿದವಳು ನಾನೇ. ಈಗ ಕಲೆಕ್ಟರ್ ಆಫೀಸಿನ ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿ ಇದೆ, ಹೆಸರು ಬೇರೆ. ದೀಪಾವಳಿಗೆ ಸೀರೆ ಉಟ್ಟುಕೊಂಡು ಮನೆಗೆ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ಚಕ್ಕುಲಿ ಕೊಟ್ಟೆ, ಅರಶಿನ ಕುಂಕುಮ ಕೊಟ್ಟೆ. ಆಗ ಏನೂ ಅನ್ನಿಸಲಿಲ್ಲ. ಫಾರಂ ಬಂದಾಗ ಅನ್ನಿಸಿತು.

ಫಾರಂನಲ್ಲಿ ಎರಡೇ ಚೌಕ: ಪುರುಷ, ಮಹಿಳೆ. ಅವಳು ಎರಡನೆಯದಕ್ಕೆ ಟಿಕ್ ಹಾಕಿದ್ದಾಳೆ. ಕಮಿಟಿಯಲ್ಲಿ ಒಂಬತ್ತು ಜನ. ನಾಲ್ವರು ಸೇರಿಸೋಣ ಅಂದರು, ನಾಲ್ವರು ಬೇಡ ಅಂದರು, ಒಬ್ಬರು ಚಾ ತರುತ್ತೇನೆ ಅಂತ ಎದ್ದು ಹೋದರು. ಆ ಒಬ್ಬರು ನಾನೇ.

ತಿಳಿದವರು ಹೇಳಿ. ಬೈಗುಳ ಬೇಡ. ಇನ್ನೊಂದು, ದಯವಿಟ್ಟು ಯಾರೂ ವಚನ ಹಾಕಿ ಚರ್ಚೆ ಮುಗಿಸಬೇಡಿ. ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಅನ್ನುವ ಆ ವಚನ ನನಗೂ ಬಾಯಿಪಾಠ. ಫಾರಂ ತುಂಬಲಿಕ್ಕೆ ಅದು ಸಾಲುವುದಿಲ್ಲ.

ಘಾಟ್ಕೋಪರ್ ಶೆಟ್ರು · 9 ನವೆಂಬರ್, ರಾತ್ರಿ 11:25

ಅಕ್ಕ, ನೇರ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಹುಟ್ಟುವಾಗ ಸೂಲಗಿತ್ತಿ ಏನು ಹೇಳಿದಳೋ ಅದೇ. ನನ್ನ ಹೋಟೆಲಿನ ಬೋರ್ಡು ಮೂರು ಸಲ ಬದಲಾಗಿದೆ: ಉಡುಪಿ, ಆಮೇಲೆ ಪಂಜಾಬಿ, ಈಗ ಚೈನೀಸೂ ಉಂಟು. ಒಳಗಿನ ರುಬ್ಬುವ ಕಲ್ಲು ಅದೇ. ಊಟ ಹಾಕಿ, ಕೆಲಸ ಕೊಡಿ, ಮರ್ಯಾದೆ ಕೊಡಿ, ಬೇಡ ಅಂದವರು ಯಾರು? ಆದರೆ ಹೆಂಗಸರ ಆಟ ಹೆಂಗಸರಿಗೆ. ಇದೆಲ್ಲ ಈಗ ಮೊಬೈಲಿನಿಂದ ಬಂದ ಮರ್ಲು.

ಝುವಾರಿನಗರದಂವ (ವಾಸ್ಕೊ) · 10 ನವೆಂಬರ್, ಬೆಳಿಗ್ಗೆ 6:10

ಶೆಟ್ರ, ಮೊಬೈಲಿನಿಂದ ಬಂತು ಅಂದ್ರ ನಮ್ಮ ಕಡಿ ಮಂದಿ ನಗ್ತಾರ. ನಾ ಕೊಪ್ಪಳ ಕಡ್ಯಾಂವ, ಗೋವಾಕ್ಕ ಬಂದು ಇಪ್ಪತ್ತೆರಡು ವರ್ಷ ಆತು. ಹುಲಿಗೆಮ್ಮನ ಜಾತ್ರಿ ನೋಡ್ರಿ, ಸವದತ್ತಿ ಗುಡ್ಡಕ್ಕ ಭರತ ಹುಣ್ಣಿವಿಗೆ ಹೋಗ್ರಿ. ಗಂಡಾಗಿ ಹುಟ್ಟಿ ಯಲ್ಲಮ್ಮನ ಹೆಸರಿಲೆ ಸೀರಿ ಉಡೋ ಜೋಗಪ್ಪಗೋಳು ತಲಿ ಮ್ಯಾಲ ಕೊಡ ಹೊತ್ತು, ಚೌಡಿಕಿ ಬಾರಿಸ್ಕೋತ ಬರ್ತಾರ. ನಮ್ಮಜ್ಜಿ ಕಾಲದಾಗ ಊರಿಗೆ ಕರೆಂಟ ಇರಲಿಲ್ಲ, ಜೋಗಪ್ಪಗೋಳು ಇದ್ರು.

ನಮ್ಮ ಸೋದರಮಾವನ ಓಣ್ಯಾಗ ಒಬ್ಬರಿದ್ರು. ಹುಟ್ಟಿದ್ದು ಗಂಡು. ಹದಿನೈದು ಹದಿನಾರಕ್ಕ ಅವ್ವನ ಸೀರಿ ಉಡೋದು, ಹೊಸ್ತಿಲಿಗೆ ರಂಗೋಲಿ ಹಾಕೋದು. ಮನ್ಯಾಗ ಹೊಡದ್ರು. ಬೇವಿನ ತಪ್ಪಲದಾಗ ಬಡಿಸಿದ್ರು. ಕಡೀಕ ಮೈಮ್ಯಾಲ ಯಲ್ಲಮ್ಮ ಬಂದಾಳ ಅಂತ ಮುತ್ತು ಕಟ್ಟಿ ದೇವಿಗೆ ಬಿಟ್ರು. ಕಟ್ಟಿದ ಮರುದಿನದಿಂದ ಹೊಡದ ಅಪ್ಪನ ಕಾಲು ಬೀಳಾಕ ಹತ್ತಿದ. ಮಂಜಮ್ಮ ಜೋಗತಿ ಅವರಿಗೆ 2021ರಾಗ ಪದ್ಮಶ್ರೀ ಕೊಟ್ಟಾಗ, ರಾಷ್ಟ್ರಪತಿಗೋಳಿಗೆ ಸೆರಗಿಲೆ ದೃಷ್ಟಿ ತಗದ್ರಲ್ಲ, ಅದನ್ನ ನೋಡಿ ನಮ್ಮ ಚಾಳದಾಗ ಸಿಳ್ಳಿ ಹೊಡದ್ರು.

7:52 ವಿರಾರ್ · 10 ನವೆಂಬರ್, ಬೆಳಿಗ್ಗೆ 8:30

ಅಣ್ಣ, ನಿಮ್ಮ ಮಾತು ಓದಿ ಖುಷಿಯಾಯಿತು. ಆದರೆ ಅದರಿಂದ ಅಕ್ಕನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಜೋಗಪ್ಪನವರಿಗೆ ಅವರದ್ದೇ ಜಾಗ ಇತ್ತು. ಅಪ್ಪ ಕಾಲಿಗೆ ಬಿದ್ದದ್ದು ಮಗಳು ಅಂತ ಒಪ್ಪಿ ಅಲ್ಲವಲ್ಲ, ದೇವಿ ಅಂತ ಹೆದರಿ. ಮಗಳಾಗಿದ್ದರೆ ಕಾಲಿಗೆ ಬೀಳುತ್ತಿದ್ದನಾ? ಮದುವೆ ಮಾಡಿ ಕಳಿಸುತ್ತಿದ್ದ.

ನಾನು ಹತ್ತೊಂಬತ್ತು ವರ್ಷದಿಂದ ಲೇಡೀಸ್ ಡಬ್ಬಿಯಲ್ಲಿ ಓಡಾಡುತ್ತಿದ್ದೇನೆ. 1992ರಲ್ಲಿ ಚರ್ಚ್‌ಗೇಟ್‌ನಿಂದ ಬೋರಿವಲಿಗೆ ಮೊದಲ ಲೇಡೀಸ್ ಸ್ಪೆಷಲ್ ಬಿಟ್ಟಾಗ ನಮ್ಮ ಚಿಕ್ಕಮ್ಮ ಅದರಲ್ಲಿ ಹೋಗಿ ಬಂದು ವಾರವಿಡೀ ಅದನ್ನೇ ಹೇಳಿದ್ದರು: ಕಿಟಕಿ ಹತ್ತಿರ ಕಾಲು ಚಾಚಿ ಕೂತೆ ಅಂತ. ಕಾಲು ಚಾಚಿ ಕೂರುವುದು ಎಷ್ಟು ದೊಡ್ಡ ಸಂಗತಿ ಅಂತ ಗಂಡಸರಿಗೆ ಗೊತ್ತಾಗುವುದಿಲ್ಲ. ಆ ಡಬ್ಬಿ ಯಾಕಿದೆ? ನಮ್ಮ ಮನಸ್ಸಿನೊಳಗೆ ನಾವು ಯಾರು ಅಂದುಕೊಂಡಿದ್ದೇವೆ ಅಂತಲ್ಲ. ನಮ್ಮ ಮೈ ಹೀಗಿದೆ, ಆ ಮೈಗೆ ಹೊರಗೆ ಹೀಗೆಲ್ಲ ಆಗುತ್ತದೆ ಅಂತ. ಮುಟ್ಟು, ಬಸಿರು, ಬೆನ್ನಿಗೆ ಒತ್ತುವ ಮೊಣಕೈ, ಇವುಗಳಿಂದ ನಾವು "ಹೆಣ್ಣು" ಅನ್ನುವ ಪದ ಕಲಿತವರು. ಆ ಪದವನ್ನು ಅಗಲ ಮಾಡುವಾಗ ನಮ್ಮನ್ನೂ ಒಂದು ಮಾತು ಕೇಳಿ ಅನ್ನುವುದು ದ್ವೇಷವೇ?

ಸುಳ್ಳು ಹೇಳಬಾರದು, ಇದನ್ನೂ ಬರೆಯುತ್ತೇನೆ. ನಮ್ಮ ಡಬ್ಬಿಗೆ ಚಪ್ಪಾಳೆ ತಟ್ಟಿಕೊಂಡು ಬರುವವರಿಂದ ನನಗೆ ಒಂದು ದಿನವೂ ಹೆದರಿಕೆ ಆಗಿಲ್ಲ. ನಾಲಾಸೋಪಾರಾದಲ್ಲಿ ಒಬ್ಬ ಕುಡುಕ ಹತ್ತಿದಾಗ ನಾವೆಲ್ಲ ಮೂಲೆಗೆ ಸರಿದೆವು. ಅವನ ಕಾಲರ್ ಹಿಡಿದು ಪ್ಲಾಟ್‌ಫಾರಂಗೆ ದಬ್ಬಿದ್ದು ಅವರಲ್ಲೇ ಒಬ್ಬರು. ಹಾಗಿದ್ದೂ ನನ್ನ ಮತ ಥ್ರೋಬಾಲ್ ಮಹಿಳೆಯರಿಗೆ ಮಾತ್ರ. ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೂಡ ಈ ಏಪ್ರಿಲ್‌ನಲ್ಲಿ ಅದನ್ನೇ ಹೇಳಿತಲ್ಲ.

ಚಿಂಚವಾಡ ವಕೀಲ (ಇನ್ನೂ ಕಪ್ಪು ಕೋಟು ಬಂದಿಲ್ಲ, ಓದ್ತಿದ್ದೀನಿ) · 10 ನವೆಂಬರ್, ಮಧ್ಯಾಹ್ನ 1:15

ಮೇಡಂ, ಅರ್ಧ ಸರಿ. 16 ಏಪ್ರಿಲ್ 2025ರ ಆ ತೀರ್ಪು ಹೇಳಿದ್ದು, ಅವರ 2010ರ ಸಮಾನತೆ ಕಾಯ್ದೆಯಲ್ಲಿ "ಮಹಿಳೆ" ಅಂದರೆ ಜೈವಿಕ ಅರ್ಥದಲ್ಲಿ ಮಹಿಳೆ ಅಂತ. ಟ್ರಾನ್ಸ್ ಜನರಿಗೆ ಅದೇ ಕಾಯ್ದೆಯಲ್ಲಿರೋ ಬೇರೆ ರಕ್ಷಣೆ ಹಾಗೇ ಇದೆ ಅಂತಲೂ ಅದೇ ತೀರ್ಪಿನಲ್ಲಿದೆ. ಎರಡನೇ ವಾಕ್ಯ ಯಾರೂ ಫಾರ್ವರ್ಡ್ ಮಾಡಲ್ಲ.

ನಮ್ಮಲ್ಲಿ ದಾರಿ ಬೇರೆ. 15 ಏಪ್ರಿಲ್ 2014ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಕೇಸು) ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್, ತಾನು ಗಂಡೋ ಹೆಣ್ಣೋ ಮೂರನೆಯದೋ ಅಂತ ಹೇಳ್ಕೊಳ್ಳೋ ಹಕ್ಕು ಆ ವ್ಯಕ್ತಿಯದ್ದೇ, ಅದಕ್ಕೆ ಆಪರೇಷನ್ ಕಡ್ಡಾಯ ಮಾಡೋದು ತಪ್ಪು ಅಂತು. ಆಮೇಲೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆ ಬಂತು, 10 ಜನವರಿ 2020ರಿಂದ ಜಾರಿ. ಅದು ಜಾರಿಯಾದಾಗಿನ ನಿಯಮದ ಪ್ರಕಾರ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿದ್ರೆ "ಟ್ರಾನ್ಸ್‌ಜೆಂಡರ್" ಅಂತ ಸರ್ಟಿಫಿಕೇಟ್ ಸಿಗ್ತಿತ್ತು, ವೈದ್ಯಕೀಯ ತಪಾಸಣೆ ಬೇಡವಾಗಿತ್ತು. ಆದ್ರೆ "ಹೆಣ್ಣು" ಅಥವಾ "ಗಂಡು" ಅಂತಲೇ ಬೇಕು ಅಂದ್ರೆ ಶಸ್ತ್ರಚಿಕಿತ್ಸೆ ಆದ ಬಗ್ಗೆ ಆಸ್ಪತ್ರೆ ಕಾಗದ ತರಬೇಕಿತ್ತು. ಅಂದ್ರೆ ಕೋರ್ಟ್ ಒಂದು ಕೈಲಿ ಕೊಟ್ಟದ್ದನ್ನ ಕಾಯ್ದೆ ಇನ್ನೊಂದು ಕೈಲಿ ಅರ್ಧ ವಾಪಸ್ ಇಸ್ಕೊಂಡಿದೆ. ಚಳವಳಿಯವರ ದೊಡ್ಡ ತಕರಾರು ಇದೇ.

ಸಂಘದ ಥ್ರೋಬಾಲ್ ಬಗ್ಗೆ ಯಾವ ಕಾಯ್ದೆಯೂ ನೇರ ಹೇಳಲ್ಲ. ಹತ್ತಿರದ ಉದಾಹರಣೆ ಅಂದ್ರೆ ಮಹಾರಾಷ್ಟ್ರ ಪೊಲೀಸ್ ಭರ್ತಿ. ಅರ್ಜಿಯಲ್ಲಿ ಮೂರನೇ ಕಾಲಂ ಇಲ್ಲ ಅಂತ ಗಲಾಟೆಯಾಗಿ 2022ರ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಸರ್ಕಾರಕ್ಕೆ ಚಾಟಿ ಬೀಸಿತು. ಕಾಲಂ ಸೇರಿಸೋದು ಸುಲಭ, ಒಂದು ಕ್ಲಿಕ್. ಓಟ, ಗುಂಡು ಎಸೆತ ಇದೆಯಲ್ಲ, ಅದಕ್ಕೆ ಯಾರ ಅಳತೆ ಹಿಡೀಬೇಕು? ತಲೆನೋವು ಶುರುವಾದದ್ದು ಅಲ್ಲಿ. ಅಕ್ಕ, ನಿಮ್ಮ ಕಮಿಟಿಗೂ ಹೈಕೋರ್ಟಿಗೂ ಬಂದದ್ದು ಒಂದೇ ಪ್ರಶ್ನೆ. ಚಾ ಮಾತ್ರ ನಿಮ್ಮಲ್ಲೇ ಚೆನ್ನಾಗಿರುತ್ತೆ.

ಘಾಟ್ಕೋಪರ್ ಶೆಟ್ರು · 10 ನವೆಂಬರ್, ಮಧ್ಯಾಹ್ನ 3:50

ವಕೀಲರೇ, ಕಾನೂನು ಕೋರ್ಟಿನಲ್ಲಿ. ಪ್ರಕೃತಿಯಲ್ಲಿ ಎರಡೇ. ಡಾಕ್ಟ್ರು ಯಾರಾದ್ರೂ ಇದ್ದರೆ ಹೇಳಲಿ.

ಹಾರ್ಮೋನ್ ಡಾಕ್ಟರ್ (ಠಾಣೆ) · 10 ನವೆಂಬರ್, ರಾತ್ರಿ 9:30

ಕರೆದಿರಿ, ಬಂದೆ. ಇವತ್ತು ಒಪಿಡಿಯಲ್ಲಿ ನಲವತ್ತು ಥೈರಾಯ್ಡ್ ನೋಡಿ ಬಂದಿದ್ದೇನೆ, ಉದ್ದವಾದರೆ ಕ್ಷಮಿಸಿ.

ಶೆಟ್ರೇ, ಬೀಜದ ಲೆಕ್ಕದಲ್ಲಿ ನಿಮ್ಮ ಮಾತು ಸರಿ. ಮನುಷ್ಯರಲ್ಲಿ ಅಂಡ, ವೀರ್ಯಾಣು ಎರಡೇ. ಮೂರನೆಯ ಬೀಜ ಇಲ್ಲ. ಗರ್ಭದಲ್ಲಿ ಮೊದಲ ಆರು ವಾರ ಎಲ್ಲ ಭ್ರೂಣಕ್ಕೂ ಎರಡೂ ದಾರಿಯ ಸಾಮಾನು ಇರುತ್ತದೆ. ವೈ ವರ್ಣತಂತುವಿನಲ್ಲಿ ಎಸ್‌ಆರ್‌ವೈ ಅನ್ನುವ ಜೀನ್ ಇದ್ದು ಕೆಲಸ ಶುರು ಮಾಡಿದರೆ ವೃಷಣ, ಇಲ್ಲವಾದರೆ ಅಂಡಾಶಯ. ಆ ಜೀನ್ ಗೊತ್ತಾದದ್ದು 1990ರಲ್ಲಿ. ಹೆಚ್ಚಿನವರಲ್ಲಿ ವರ್ಣತಂತು, ಗ್ರಂಥಿ, ಹಾರ್ಮೋನು, ಹೊರಗಿನ ಅಂಗ ನಾಲ್ಕೂ ಒಂದೇ ಸಾಲಿನಲ್ಲಿ ಬರುತ್ತವೆ. ಕೆಲವರಲ್ಲಿ ಬರುವುದಿಲ್ಲ. ಹದಿನಾರಾದರೂ ಮುಟ್ಟಾಗಲಿಲ್ಲ ಅಂತ ಕರೆದುಕೊಂಡು ಬಂದ ಹೆಣ್ಣುಮಗಳ ವರದಿಯಲ್ಲಿ ಎಕ್ಸ್‌ವೈ, ಅಂದರೆ ಸಾಮಾನ್ಯವಾಗಿ ಗಂಡಿನಲ್ಲಿರುವ ವರ್ಣತಂತು ಜೋಡಿ, ಅಂತ ಬರುವುದುಂಟು. ದೇಹ ಟೆಸ್ಟೋಸ್ಟಿರಾನ್ ಅನ್ನುವ ಗಂಡು ಹಾರ್ಮೋನು ತಯಾರಿಸುತ್ತದೆ, ಆದರೆ ಜೀವಕೋಶಗಳಿಗೆ ಅದು ಕೇಳಿಸುವುದೇ ಇಲ್ಲ. ಸೂಲಗಿತ್ತಿ "ಹೆಣ್ಣು" ಅಂದಿದ್ದಳು, ತಾಯಿ ಹೆಣ್ಣಾಗಿ ಬೆಳೆಸಿದಳು, ಅವಳು ಹೆಣ್ಣೇ. ಆ ವರದಿ ಕೈಯಲ್ಲಿ ಹಿಡಿದುಕೊಂಡು ತಾಯಿಗೆ ಏನು ಹೇಳುವುದು? ನನ್ನ ಕೆಲಸದಲ್ಲಿ ಅದಕ್ಕಿಂತ ಕಷ್ಟದ ಹತ್ತು ನಿಮಿಷ ಬೇರೆ ಇಲ್ಲ.

ಇಂಥವರು ಎಷ್ಟು ಜನ ಅನ್ನುವುದಕ್ಕೂ ಜಗಳ ಇದೆ. 1.7 ಶೇಕಡ ಅಂತ ಒಂದು ಅಂಕಿ ಎಲ್ಲೆಡೆ ಓಡಾಡುತ್ತದೆ, ಅದು ಎಲ್ಲ ಬಗೆಯ ವ್ಯತ್ಯಾಸ ಸೇರಿಸಿದ್ದು. ನೋಡಿದರೆ ಗಂಡೋ ಹೆಣ್ಣೋ ತಿಳಿಯದಿರುವುದು, ಅಥವಾ ವರ್ಣತಂತುವಿಗೂ ಹೊರರೂಪಕ್ಕೂ ತಾಳೆಯಾಗದಿರುವುದು ಇಷ್ಟನ್ನೇ ಎಣಿಸಿದರೆ 0.018 ಶೇಕಡ ಅಂತ ಇನ್ನೊಬ್ಬರ ಲೆಕ್ಕ. ಮೊದಲನೆಯದು ಒಂದು ಪಕ್ಷದವರ ಕೈಯಲ್ಲಿ, ಎರಡನೆಯದು ಇನ್ನೊಂದು ಪಕ್ಷದವರ ಕೈಯಲ್ಲಿ.

ಈಗ ಮುಖ್ಯ ಮಾತು. ಅಕ್ಕನ ಫಾರಂನ ಹುಡುಗಿಯದು ಇದಲ್ಲ. ಟ್ರಾನ್ಸ್ ಜನರಲ್ಲಿ ಹೆಚ್ಚಿನವರ ವರ್ಣತಂತು, ಗ್ರಂಥಿ ಎಲ್ಲ ಮಾಮೂಲಿ. ಮನಸ್ಸು ಹೇಳುವುದು ಬೇರೆ. ಇವೆರಡನ್ನು ಒಂದೇ ಚೀಲಕ್ಕೆ ಹಾಕಬೇಡಿ ಅಂತ ನಾನು ಯಾವಾಗಲೂ ಹೇಳುವುದು. 2019ರ ಕಾಯ್ದೆಯ ವ್ಯಾಖ್ಯೆಯೇ ಹಾಕಿಬಿಟ್ಟಿದೆ, ಇರಲಿ. ಮನಸ್ಸಿನ ಆ ಅರಿವಿಗೆ ರಕ್ತಪರೀಕ್ಷೆ ಇಲ್ಲ. ಹಾಗಂತ ಸುಳ್ಳು ಅಂತಲ್ಲ. ತಲೆನೋವಿಗೂ ರಕ್ತಪರೀಕ್ಷೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಯಾದ ತನ್ನ ಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದಿದೆ.

ಆಟದ ವಿಷಯ. ಹತ್ತು ವರ್ಷದವರೆಗೆ ಹುಡುಗ ಹುಡುಗಿಯರ ಓಟದಲ್ಲಿ ಹೇಳಿಕೊಳ್ಳುವಂಥ ಅಂತರ ಇಲ್ಲ. ಮೈನೆರೆದ ಮೇಲೆ ಗಂಡಿನ ಟೆಸ್ಟೋಸ್ಟಿರಾನ್ ಹೆಣ್ಣಿನದರ ಹದಿನೈದು ಪಟ್ಟು ದಾಟುತ್ತದೆ. ಓಟದಲ್ಲಿ ಹತ್ತು ಹನ್ನೆರಡು ಶೇಕಡ ಅಂತರ ಬರುತ್ತದೆ, ಎಸೆತದಲ್ಲಿ ಇನ್ನೂ ಹೆಚ್ಚು. ಆಮೇಲೆ ಔಷಧಿ ತಗೊಂಡು ಹಾರ್ಮೋನು ಇಳಿಸಿದರೆ ಹಿಮೋಗ್ಲೋಬಿನ್ ಮೂರ್ನಾಲ್ಕು ತಿಂಗಳಲ್ಲಿ ಹೆಣ್ಣಿನ ಮಟ್ಟಕ್ಕೆ ಬರುತ್ತದೆ. ಸ್ನಾಯುವಿನ ಬಲ ಹಾಗಲ್ಲ, ವರ್ಷವಾದರೂ ಸ್ವಲ್ಪವೇ ಇಳಿಯುತ್ತದೆ. ಎತ್ತರ, ತೋಳಿನ ಉದ್ದ ಇಳಿಯುವುದೇ ಇಲ್ಲ. ಹಾಗಾಗಿಯೇ ಅಥ್ಲೆಟಿಕ್ಸಿನ ಜಾಗತಿಕ ಸಂಸ್ಥೆ ವರ್ಲ್ಡ್ ಅಥ್ಲೆಟಿಕ್ಸ್ 2023ರಲ್ಲಿ, ಗಂಡಾಗಿ ಮೈನೆರೆದವರಿಗೆ ಮಹಿಳಾ ವಿಭಾಗ ಇಲ್ಲ ಅಂತ ನಿಯಮ ಮಾಡಿತು. ಈ ಸೆಪ್ಟೆಂಬರ್ 1ರಿಂದ ಮಹಿಳಾ ವಿಭಾಗಕ್ಕೆ ಎಸ್‌ಆರ್‌ವೈ ಪರೀಕ್ಷೆಯೂ ಬಂದಿದೆ.

ಅಕ್ಕ, ಕೆನ್ನೆಯ ಒಳಗಿಂದ ಹತ್ತಿಯಲ್ಲಿ ಸ್ವಲ್ಪ ಒರೆಸಿ ತೆಗೆದರೆ ಆಯಿತು. ನಿಮ್ಮ ಮಹಿಳಾ ವಿಭಾಗದ ಎಲ್ಲರೂ ಬಾಯಿ ತೆರೆಯಲು ತಯಾರಿದ್ದಾರಾ?

ಥ್ರೋಬಾಲ್ ಅಕ್ಕ · 10 ನವೆಂಬರ್, ರಾತ್ರಿ 10:05

ಡಾಕ್ಟ್ರೇ, ನಮ್ಮವರು ಬಾಯಿ ತೆರೆಯಲು ಯಾವಾಗಲೂ ತಯಾರು. ಮುಚ್ಚಿಸುವುದು ಕಷ್ಟ.

ಸ್ತ್ರೀವೇಷ (ಬೋರಿವಲಿ) · 10 ನವೆಂಬರ್, ರಾತ್ರಿ 11:40

ನಾನು ಹವ್ಯಾಸಿ ಯಕ್ಷಗಾನದವ, ಮೂವತ್ತು ವರ್ಷದಿಂದ ಸ್ತ್ರೀವೇಷ. ದಮಯಂತಿ ಮಾಡಿದ್ದೇನೆ, ದ್ರೌಪದಿ ಮಾಡಿದ್ದೇನೆ. ಮಾಟುಂಗಾದಲ್ಲಿ ಒಮ್ಮೆ ಆಟ ಮುಗಿದ ಮೇಲೆ ಒಬ್ಬರು ಅಜ್ಜಿ ಚೌಕಿಗೆ ಬಂದು ನನ್ನ ಕೈಗೆ ಬಳೆ ತೊಡಿಸಿ ಹೋದರು. ಇಂಥ ಚರ್ಚೆಯಲ್ಲಿ ಜನ ಕೂಡಲೇ ನಮ್ಮನ್ನು ಎಳೆದು ತರುತ್ತಾರೆ, "ನೋಡಿ, ನಮ್ಮಲ್ಲಿ ಮೊದಲಿಂದಲೂ ಇತ್ತು" ಅಂತ. ದಯವಿಟ್ಟು ತರಬೇಡಿ. ಬೆಳಿಗ್ಗೆ ನಾಲ್ಕಕ್ಕೆ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುವಾಗ ಕನ್ನಡಿಯಲ್ಲಿ ನನ್ನ ಮುಖ ಬಂದರೆ ನನಗೆ ನಿರಾಳ. ನಮ್ಮ ಮೇಳದಲ್ಲಿ ಇನ್ನೊಬ್ಬ ಇದ್ದ, ಚಿಕ್ಕ ಹುಡುಗ, ನನಗಿಂತ ಚಂದದ ವೇಷ. ಅವನು ಬಣ್ಣ ತೆಗೆಯಲು ಬಹಳ ಹೊತ್ತು ಮಾಡುತ್ತಿದ್ದ. ಕಡೆಯವನಾಗಿ ಏಳುತ್ತಿದ್ದ. ಸೋಮಾರಿ ಅಂತ ಎಷ್ಟು ಬೈದಿದ್ದೇನೆ. ಎರಡು ವರ್ಷದ ನಂತರ ಮೇಳ ಬಿಟ್ಟ, ಈಗ ಎಲ್ಲಿದ್ದಾನೋ, ಅಥವಾ ಇದ್ದಾಳೋ, ಗೊತ್ತಿಲ್ಲ.

ನಿರ್ವಾಹಕ · 11 ನವೆಂಬರ್, ಬೆಳಿಗ್ಗೆ 9:00

ಎರಡು ಬರಹ ಅಳಿಸಿದ್ದೇನೆ. ಒಂದರಲ್ಲಿ ಆ ಹುಡುಗಿ ಯಾರು ಅಂತ ಊಹೆ ಮಾಡಿ ಮನೆಯ ವಿಳಾಸದವರೆಗೆ ಹೋಗಿದ್ದರು. ಇನ್ನೊಂದರಲ್ಲಿ ವಿರಾರ್ ಮೇಡಂಗೆ ಬೈಗುಳ. ಭಿನ್ನಾಭಿಪ್ರಾಯ ಹೇಳಿದವರನ್ನೆಲ್ಲ ರಾಕ್ಷಸರು ಅನ್ನುವುದಾದರೆ ಇಲ್ಲಿ ಮಾತಾಡಲು ಯಾರೂ ಉಳಿಯುವುದಿಲ್ಲ.

ಕರ್ವೆನಗರದ ಅವ್ವ (ಪುಣೆ) · 11 ನವೆಂಬರ್, ಮಧ್ಯಾಹ್ನ 2:20

ನಾನು ಧಾರವಾಡದಾಕಿ. ಮದುವಿ ಆಗಿ ಪುಣೆಗೆ ಬಂದು ಇಪ್ಪತ್ತೈದು ವರ್ಷ. ಇಷ್ಟು ದಿನಾ ಇಲ್ಲೆ ಬರೇ ಓದತಿದ್ದೆ, ಬರದಿಲ್ಲ. ಇವತ್ತ ಬರೀಬೇಕು ಅನಸ್ತು.

ನಂದು ಒಂದೇ ಕೂಸು. ಹುಟ್ಟಿದ್ದು ಹೆಣ್ಣು. ಮನ್ಯಾಗ ಕನ್ನಡ, ಹೊರಗ ಮರಾಠಿ. ಈಗ ಒಂದು ವಿಚಾರ ಮಾಡ್ರಿ. ಕನ್ನಡದಾಗ "ನಾ ಬರ್ತೀನಿ" ಅಂದ್ರ ಹೇಳಿದಾಕಿ ಹುಡಿಗೀನೋ ಹುಡುಗನೋ ಗೊತ್ತಾಗಂಗಿಲ್ಲ. ಮರಾಠಿಯೊಳಗ ಹಂಗಲ್ಲ. ಹುಡುಗ "ಮೀ ಯೇತೋ" ಅಂತಾನ, ಹುಡುಗಿ "ಮೀ ಯೇತೇ" ಅಂತಾಳ. ಬಾಯಿ ತಗದ ಕೂಡಲೇ ಹೇಳಲಿಕ್ಕೇ ಬೇಕು ನೀ ಯಾರು ಅಂತ. ಹದಿನಾಲ್ಕು ವರ್ಷ ನನ್ನ ಕೂಸು ನನ್ನ ಮುಂದ "ನಾ ಉಣ್ಣತೀನಿ, ನಾ ಹೋಗತೀನಿ" ಅನಕೋತ ಬೆಳೀತು, ನನಗೇನೂ ತಿಳೀಲಿಲ್ಲ. ಕನ್ನಡ ಮುಚ್ಚಿ ಇಟ್ಟಿತ್ತು. ಒಂದಿನ ಸಂಜೀಕ ಕಾಯಿಪಲ್ಯ ತಗೊಂಡು ಜಿನಾ ಏರಲಿಕ್ಕೆ ಹತ್ತಿದ್ದೆ, ಮ್ಯಾಲ ಟೆರೇಸಿನಾಗಿಂದ ಗೆಳ್ಯಾರ ಜೋಡಿ ಮಾತು ಕೇಳಸ್ತು. "ಥಾಂಬ್ ರೇ, ಮೀ ಪಣ್ ಯೇತೋ." ಅಂದ್ರ ತಡಿಯೋ, ನಾನೂ ಬರ್ತೀನಿ ಅಂತ. ನನ್ನ ಕೂಸಿನ ದನಿ. ಕೈಯಾಗಿನ ಚೀಲದಾಗ ಮೆಂತೆಪಲ್ಯ ಇತ್ತು, ಕೊತ್ತಂಬರಿ ಇತ್ತು. ಎರಡನೇ ಮಾಳಗಿ ಪಾವಟಿಗಿ ಮ್ಯಾಲ ಕೂತುಬಿಟ್ಟೆ. ಗೆಳ್ಯಾರು ಯಾರೂ ನಗಲಿಲ್ಲ. ಅವರಿಗೆ ಮದಲೇ ಗೊತ್ತಿತ್ತು. ಗೊತ್ತಿರದಾಕಿ ನಾ ಒಬ್ಬಾಕಿನ.

ಈಗ ಅಂವಗ ಹತ್ತೊಂಬತ್ತು. ಅಂವ ಅಂತ ಬರೀಲಿಕ್ಕೆ ನನಗ ಮೂರು ವರ್ಷ ಹಿಡೀತು. ಇನ್ನೂ ಸಿಟ್ಟು ಬಂದಾಗ "ಎಲ್ಲೆ ಹೋಗಿದ್ದೆವಾ" ಅಂತ ಹುಡಿಗೀಗೆ ಅಂದಂಗ ಬಾಯಾಗ ಬಂದುಬಿಡತದ. ಆಮ್ಯಾಲ ಅವಗೂ ನಗು, ನನಗೂ ನಗು, ಒಮ್ಮೊಮ್ಮೆ ಅಳು. ಮುಂಚೆ ಅದೇ ಸಿಟ್ಟಿನಾಗ ನಾನೂ ಶೆಟ್ರ ಹಂಗ ಮೊಬೈಲ್ ಕಸಕೊಂಡಿದ್ದೆ, ಎಂಟು ತಿಂಗಳು. ಏನೂ ಬದಲಾಗಲಿಲ್ಲ, ಮಾತು ಅಷ್ಟೇ ನಿಂತುಹೋತು.

ಡಾಕ್ಟರಿಗೆ ಒಂದು ಮಾತು. ನಾವು ತೋರಿಸಿದವರು ಹದಿನೆಂಟು ಆಗೂತನಕ ಯಾವ ಔಷಧಾನೂ ಬ್ಯಾಡ ಅಂದ್ರು, ಬರೇ ಕೂತು ಮಾತಾಡಿದ್ರು. ಮಗ ಆಗ ಅವರನ್ನ ಬೈದಾ. ನಾ ಇವತ್ತಿಗೂ ಅವರಿಗೆ ಕೈ ಮುಗೀತೀನಿ. ಕೂಸು ಹೇಳೂದು ಖರೇ ಅಂತ ನಂಬೂದು ಬ್ಯಾರೆ, ತಿರುಗಿ ತಗೋಳಿಕ್ಕೆ ಬರಲಾರದ್ದನ್ನ ಹದಿನೈದಕ್ಕ ಮಾಡೂದು ಬ್ಯಾರೆ. ಹಿಂಗಂದ್ರ ಎರಡೂ ಕಡ್ಯಾವರು ನನ್ನ ಮ್ಯಾಲ ಸಿಟ್ಟಾಗತಾರ.

ಹಾರ್ಮೋನ್ ಡಾಕ್ಟರ್ · 11 ನವೆಂಬರ್, ರಾತ್ರಿ 8:45

ಅಮ್ಮಾ, ನಿಮಗೆ ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ ಅಂತ ನನ್ನ ಅಭಿಪ್ರಾಯ. ಇಂಗ್ಲೆಂಡಿನಲ್ಲಿ 2024ರ ಏಪ್ರಿಲ್‌ನಲ್ಲಿ ಬಂದ ಕ್ಯಾಸ್ ವರದಿ, ಮಕ್ಕಳಲ್ಲಿ ಪ್ರಾಯವನ್ನು ತಡೆಹಿಡಿಯುವ ಔಷಧಿಗೆ ಆಧಾರ ದುರ್ಬಲ ಅಂತ ಹೇಳಿತು, ಆ ವರ್ಷದ ಕೊನೆಗೆ ಸರ್ಕಾರ ಅನಿರ್ದಿಷ್ಟಾವಧಿ ನಿಷೇಧ ಹಾಕಿತು. ಅದನ್ನು ಒಪ್ಪದ ವೈದ್ಯ ಸಂಘಗಳೂ ಇವೆ, ಜಗಳ ನಡೆಯುತ್ತಿದೆ. ಇನ್ನೊಂದು ದಿಕ್ಕಿನಿಂದಲೂ ಅದೇ ಎಚ್ಚರ ಬೇಕು: ಅಸ್ಪಷ್ಟ ಅಂಗದೊಂದಿಗೆ ಹುಟ್ಟಿದ ಹಸುಗೂಸಿಗೆ "ಸರಿಮಾಡುವ" ಆಪರೇಷನ್ ಮಾಡಿಬಿಡುತ್ತಿದ್ದೆವು. 2019ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ ತಮಿಳುನಾಡು ಅದನ್ನು ನಿಲ್ಲಿಸಿತು, ಜೀವಕ್ಕೆ ಅಪಾಯ ಇದ್ದರೆ ಮಾತ್ರ ವಿನಾಯಿತಿ. ಕೂಸು ಬಾಯಿ ಬಿಡುವ ಮೊದಲೇ ನಾವು ಅದರ ಪರವಾಗಿ ಟಿಕ್ ಹಾಕುತ್ತಿದ್ದೆವು.

ಮಡಗಾಂವ್ ಮಾಣಿ · 11 ನವೆಂಬರ್, ರಾತ್ರಿ 9:10

ಅವ್ವನ ಬರಹ ಓದಿ ಗಂಟಲು ಕಟ್ಟಿತು. ಭಾಷೆಯ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ಶಿರಸಿ ಕಡೆಯ ಹವ್ಯಕ. ನಮ್ಮ ಮನೆಮಾತಿನಲ್ಲಿ ಹೆಂಗಸರಿಗೆ ನಪುಂಸಕ ಲಿಂಗ. ಅಮ್ಮ ಬಂತು, ಅಕ್ಕ ಹೋತು, ಅದು ಹೇಳಿತು. ಗೋವಾಕ್ಕೆ ಬಂದ ಹೊಸತರಲ್ಲಿ ಬೆಂಗಳೂರಿನ ಸಹೋದ್ಯೋಗಿ ಮುಂದೆ ಫೋನಿನಲ್ಲಿ "ಅಮ್ಮ ಎಲ್ಲಿ ಹೋಯ್ದು?" ಅಂದೆ. ತಾಯಿಗೆ "ಅದು" ಅಂತೀಯಾ ಅಂತ ಅವನು ಗಾಬರಿ. ನಮ್ಮ ಕಿವಿಗೆ ಅದರಲ್ಲಿ ಪ್ರೀತಿಯೇ ಇರುವುದು. ಇದರಿಂದ ಏನು ಸಾಬೀತಾಯಿತು? ಏನೂ ಇಲ್ಲ. "ಅದು" ಅಂತ ಕರೆದ ಮನೆಗಳಲ್ಲೂ ಹೆಣ್ಣಿಗೆ ಮೂರು ದಿನ ಹೊರಗೆ ಕೂರಿಸುತ್ತಿದ್ದರು.

ನಿವೃತ್ತ ಮೇಷ್ಟ್ರು (ಪುಣೆ, ಮೂಲ ಬೆಳಗಾವಿ ಕಡೆ) · 12 ನವೆಂಬರ್, ಬೆಳಿಗ್ಗೆ 5:30

ಕನ್ನಡದಲ್ಲಿ ತೊಂದರೆ ಶುರುವಾಗುವುದೇ "ಲಿಂಗ" ಎಂಬ ಪದದಿಂದ. ಶಿವನಿಗೂ ಅದೇ, ವ್ಯಾಕರಣಕ್ಕೂ ಅದೇ, ಮೈಗೂ ಅದೇ. ಈಚೆಗೆ "ಲಿಂಗತ್ವ" ಎಂಬುದನ್ನು ಮನಸ್ಸಿಗೆ ಹಂಚಿಕೊಟ್ಟಿದ್ದಾರೆ. ಹಂಚಿಕೆ ಹೊಸದು, ಜಗಳ ಹಳೆಯದು.

ಒಂಬತ್ತನೆಯ ಶತಮಾನ, ನೃಪತುಂಗ ಅಮೋಘವರ್ಷನ ಕಾಲ. ಹೆಣ್ಣಿಗೆ ಮೋಕ್ಷ ಉಂಟೇ ಎಂದು ಜೈನರಲ್ಲಿ ವಾದ. ಜೈನಶಾಸ್ತ್ರದಲ್ಲಿ ದ್ರವ್ಯ ಬೇರೆ, ಭಾವ ಬೇರೆ. ಮೈ ಗಂಡಿನದಿದ್ದು ಒಳಗಿನ ಭಾವ ಹೆಣ್ಣಿನದಿರಬಹುದು, ತಿರುಗಾಮುರುಗವೂ ಆಗಬಹುದು, ನಪುಂಸಕ ಭಾವವೆಂಬ ಮೂರನೆಯದೂ ಉಂಟು. ಅವರು ಭಾವವೆಂದದ್ದು ಹೆಚ್ಚಾಗಿ ಕಾಮದ ಒಲವನ್ನು, ಇಂದಿನ ಅಸ್ಮಿತೆಯನ್ನೇ ಎಂದು ಹೇಳಲಾರೆ. ಹಳೆಯ ಪಾಠಗಳಲ್ಲಿ "ಸ್ತ್ರೀಯರು ಮುಕ್ತರಾದರು" ಎಂದು ಬಂದಲ್ಲಿ, ಹೆಣ್ಣಿಗೆ ಮೋಕ್ಷವಿಲ್ಲವೆನ್ನುವ ದಿಗಂಬರ ಪಂಡಿತರು ಹೇಳಿದ್ದು: ಅಲ್ಲಿ ಸ್ತ್ರೀ ಎಂದರೆ ಭಾವದಿಂದ ಸ್ತ್ರೀ, ಮೈಯಿಂದ ಪುರುಷ. ಆಗ ಜೈನರದೇ ಇನ್ನೊಂದು ಪಂಥವಾದ ಯಾಪನೀಯದ ವ್ಯಾಕರಣಕಾರ ಶಾಕಟಾಯನ ಎದ್ದು, ಲೋಕದಲ್ಲಿ ಸ್ತ್ರೀ ಎಂದರೆ ಜನ ಯಾರನ್ನು ತಿಳಿಯುತ್ತಾರೋ ಅವಳೇ ಸ್ತ್ರೀ, ಅವಳಿಗೇ ಮೋಕ್ಷ ಉಂಟು ಎಂದು ವಾದಿಸಿದ.

ನೋಡಿ ಹೇಗಿದೆ. ಪದವನ್ನು ಮೈಗೇ ಕಟ್ಟಿದವನು ಹೆಣ್ಣಿನ ಪರ ನಿಂತಿದ್ದ. ಭಾವವೆಂದು ಬಿಡಿಸಿದವರು ಅವಳನ್ನು ಬಾಗಿಲ ಹೊರಗಿಟ್ಟರು. ವಿರಾರಿನ ಮಗಳಿಗೆ ಇದು ಹಿಡಿಸೀತು. ಆದರೆ ಅವಸರ ಬೇಡ: ಮೈ ಮತ್ತು ಭಾವ ತಾಳೆಯಾಗದ ಮನುಷ್ಯ ಇರಬಹುದೇ ಎಂಬುದು ಆ ವಾದದಲ್ಲಿ ಗಂಭೀರವಾಗಿಯೇ ಚರ್ಚೆಗೆ ಬಂದಿತ್ತು. ಫ್ಯಾಷನ್ ಎಂದು ಯಾರೂ ಹೇಳಲಿಲ್ಲ.

7:52 ವಿರಾರ್ · 12 ನವೆಂಬರ್, ಬೆಳಿಗ್ಗೆ 8:40

ಸರ್, ಹಿಡಿಸಿತು. ಕೊನೆಯ ಎರಡು ವಾಕ್ಯವೂ ಓದಿದೆ.

ಘಾಟ್ಕೋಪರ್ ಶೆಟ್ರು · 12 ನವೆಂಬರ್, ಮಧ್ಯಾಹ್ನ 12:00

ಮರ್ಲು ಅಂದದ್ದು ವಾಪಸ್ ತಗೊಂಡೆ. ಕರ್ವೆನಗರದ ಅಮ್ಮನವರಲ್ಲಿ ಕ್ಷಮೆ ಇರಲಿ. ಆಟದ ವಿಷಯದಲ್ಲಿ ನನ್ನ ಮಾತು ಬದಲಿಲ್ಲ. ಡಾಕ್ಟ್ರು ಹೇಳಿದ ಎಸೆತದ ಲೆಕ್ಕ ನೋಡಿ.

ಚಿಂಚವಾಡ ವಕೀಲ · 12 ನವೆಂಬರ್, ಮಧ್ಯಾಹ್ನ 12:30

ಲೆಕ್ಕ ಸರಿ ಶೆಟ್ರೇ, ಆದ್ರೆ ಲೆಕ್ಕ ಹಿಡ್ಕೊಂಡು ಹೊರಟವರು ಯಾರ ಮೇಲೆ ಬಿದ್ರು ನೋಡಿ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಬೆಳ್ಳಿ ಗೆದ್ದ ಶಾಂತಿ ಸೌಂದರರಾಜನ್‌ಗೆ ಲಿಂಗ ಪರೀಕ್ಷೆ ಮಾಡಿ ಪದಕ ಕಿತ್ಕೊಂಡ್ರು. 2014ರಲ್ಲಿ ಟೆಸ್ಟೋಸ್ಟಿರಾನ್ ಮಿತಿಯ ನಿಯಮ ತೋರಿಸಿ ಓಟಗಾರ್ತಿ ದ್ಯುತಿ ಚಂದ್‌ನ ಕಾಮನ್‌ವೆಲ್ತ್ ತಂಡದಿಂದ ತೆಗೆದ್ರು, ಅವರು ಕ್ರೀಡಾ ನ್ಯಾಯಮಂಡಳಿಗೆ ಹೋಗಿ ಮರುವರ್ಷ ಆ ನಿಯಮವನ್ನೇ ತಡೆಹಿಡಿಸಿದ್ರು. ಇಬ್ಬರೂ ಟ್ರಾನ್ಸ್ ಅಲ್ಲ, ಹೆಣ್ಣಾಗಿ ಹುಟ್ಟಿ ಹೆಣ್ಣಾಗಿ ಬೆಳೆದವರು. ಜರಡಿ ಹಿಡಿದ್ರೆ ಕಲ್ಲಿನ ಜೊತೆ ಅಕ್ಕಿಯೂ ಹೋಗುತ್ತೆ.

ಹೊಸ ಸದಸ್ಯೆ · 12 ನವೆಂಬರ್, ರಾತ್ರಿ 11:55

ಆ ಫಾರಂ ನಂದು.

ಮೂರು ದಿನದಿಂದ ಓದ್ತಾ ಇದ್ದೆ. ಬರೀಬಾರದು ಅಂತಲೇ ಇದ್ದೆ. ಟೀಚರ್, ನೀವು ಚಾ ತರೋಕೆ ಎದ್ದು ಹೋದ್ರಿ ಅಂತ ಓದಿ ನಗು ಬಂತು. ಕ್ಲಾಸಲ್ಲೂ ಕಷ್ಟದ ಪ್ರಶ್ನೆ ಕೇಳಿದ್ರೆ ಡಸ್ಟರ್ ಹುಡುಕ್ತಿದ್ರಿ.

ನನ್ನ ಎತ್ತರ ಐದಡಿ ನಾಲ್ಕಿಂಚು. ಎರಡು ವರ್ಷದಿಂದ ಮಾತ್ರೆ. ನನ್ನ ಸರ್ವ್ ಹತ್ತರಲ್ಲಿ ಆರು ಸಲ ನೆಟ್ ದಾಟಲ್ಲ, ಕ್ಯಾಚ್ ಹಿಡಿದು ಮೂರು ಸೆಕೆಂಡಲ್ಲಿ ಎಸೀಬೇಕಲ್ಲ, ನಾನು ನಾಲ್ಕು ತಗೋತೀನಿ. ಇದನ್ನೆಲ್ಲ ಹೇಳಿದ್ರೆ ಬಹುಶಃ ಎಲ್ಲರೂ ಸೇರಿಸ್ಕೋತೀರ. ಆದ್ರೆ ಕೆಟ್ಟದಾಗಿ ಆಡ್ತೀನಿ ಅಂತ ನನ್ನ ಸೇರಿಸ್ಕೊಂಡ್ರೆ, ನಾಳೆ ಚೆನ್ನಾಗಿ ಆಡೋಳು ಬಂದಾಗ ಏನ್ ಮಾಡ್ತೀರ? ಅದಕ್ಕೆ ನನ್ನ ಹತ್ರಾನೂ ಉತ್ತರ ಇಲ್ಲ. ಡಾಕ್ಟರ್ ಹೇಳಿದ್ದು ಸುಳ್ಳು ಅಂತ ನಾನು ಹೇಳಲ್ಲ, ನನ್ನ ಭುಜ ನನಗೆ ಗೊತ್ತು. ಬ್ಲೌಸ್ ಹೊಲಿಸೋವಾಗೆಲ್ಲ ಟೈಲರ್ ಅಳತೆ ಟೇಪ್ ಎರಡು ಸಲ ಹಿಡಿದು ನೋಡ್ತಾನೆ. ನನ್ನ ಮೈಗೆ ಏನಾಗಿತ್ತು ಅನ್ನೋದು ಬೇರೆ ಯಾರಿಗಿಂತಲೂ ನನಗೆ ನೆನಪಿದೆ. ಅದು ಬೇಡವಾಗಿತ್ತು ಅಂತಲೇ ತಾನೇ ಇಷ್ಟೆಲ್ಲ.

ವಿರಾರ್ ಅಕ್ಕ, ನೀವು ಕೇಳಿದ್ದು ದ್ವೇಷ ಅಂತ ನನಗೆ ಅನ್ನಿಸಲಿಲ್ಲ. ನಾನೂ ಲೇಡೀಸ್ ಡಬ್ಬಿಯಲ್ಲೇ ಹೋಗೋದು, ಜನರಲ್ ಡಬ್ಬಿಯಲ್ಲಿ ಏನಾಗುತ್ತೆ ಅಂತ ನನಗೂ ಗೊತ್ತು. ಮೊಣಕೈಗೆ ಸರ್ಟಿಫಿಕೇಟ್ ಓದೋಕೆ ಬರಲ್ಲ.

ಒಂದು ವಿನಂತಿ. ಸಂಘದ ಕೆಲವರು ನನ್ನ ಬಗ್ಗೆ ಮಾತಾಡೋವಾಗ ಗೌರವಕ್ಕೆ ಅಂತ "ಮಂಗಳಮುಖಿ" ಅಂತಿದ್ದಾರಂತೆ. ನಾನು ಆಫೀಸಲ್ಲಿ ಪ್ರಿಂಟರ್‌ಗೆ ಸಿಕ್ಕಿಹಾಕ್ಕೊಂಡ ಪೇಪರ್ ತೆಗೆಯೋಳು. ನನ್ನ ಮುಖದಲ್ಲಿ ಮಂಗಳ ಏನೂ ಇಲ್ಲ, ಸೋಮವಾರ ಅಂತೂ ಇಲ್ಲವೇ ಇಲ್ಲ. ಹೆಸರಿದೆ, ಹೆಸರು ಹಿಡಿದು ಕರೀರಿ.

ಥ್ರೋಬಾಲ್ ಅಕ್ಕ · 23 ನವೆಂಬರ್, ಸಂಜೆ 6:15

ಕಮಿಟಿ ಇವತ್ತು ಕೂತಿತ್ತು. ನಾನು ಏಳಲಿಲ್ಲ. ಐದಕ್ಕೆ ನಾಲ್ಕು, ಸೇರಿಸುವುದು ಅಂತ ಆಯಿತು. ಎದುರು ತಂಡದ ನಾಯಕಿ ಬೇಡ ಅಂದರೆ ಆ ಪಂದ್ಯ ಪಾಯಿಂಟ್ ಇಲ್ಲದ ಸ್ನೇಹದ ಆಟ. ಇದು ಯಾರಿಗೂ ಪೂರ್ತಿ ಹಿಡಿಸಲಿಲ್ಲ. ಒಂದು ತಂಡ ಈಗಾಗಲೇ ಹಿಂದೆ ಸರಿದಿದೆ, ಅದರ ನಾಯಕಿ ನನ್ನ ಜೊತೆ ಹದಿನಾರು ವರ್ಷ ಆಡಿದವಳು, ಫೋನು ಎತ್ತುತ್ತಿಲ್ಲ. ಬಟ್ಟೆ ಬದಲಿಸುವ ಕೋಣೆಯ ಬಗ್ಗೆ ಮುಕ್ಕಾಲು ಗಂಟೆ ವಾದವಾಯಿತು. ಆಮೇಲೆ ಯಾರೋ ನೆನಪಿಸಿದರು, ಆ ಮೈದಾನದಲ್ಲಿ ಅಂಥ ಕೋಣೆಯೇ ಇಲ್ಲ, ಎಲ್ಲರೂ ಮನೆಯಿಂದಲೇ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಬರುವುದು.

ಫಾರಂ ಇನ್ನೂರು ಪ್ರತಿ ಮೊದಲೇ ಅಚ್ಚಾಗಿದೆ. ಎರಡು ಚೌಕದ್ದೇ.

7:52 ವಿರಾರ್ · 23 ನವೆಂಬರ್, ರಾತ್ರಿ 8:20

ನಾಲ್ಕರಲ್ಲಿ ನನ್ನದೂ ಒಂದು, ಬಚ್ಚಿಡುವುದಿಲ್ಲ. ಆದರೆ ನಮ್ಮ ತಂಡ ಪಾಯಿಂಟಿಗೇ ಆಡುತ್ತದೆ. ಚೆಂಡು ಜೋರಾಗಿ ಬಂದರೆ ಇಲ್ಲೇ ಬಂದು ಬರೆಯುತ್ತೇನೆ.

ಹೊಸ ಸದಸ್ಯೆ · 23 ನವೆಂಬರ್, ರಾತ್ರಿ 8:24

ಮೊದಲು ನೆಟ್ ದಾಟಲಿ ಅಕ್ಕ.

ಘಾಟ್ಕೋಪರ್ ಶೆಟ್ರು · 23 ನವೆಂಬರ್, ರಾತ್ರಿ 11:30

ತಿಂಡಿ ಎಂದಿನ ಹಾಗೆ ನನ್ನದೇ. ಒಟ್ಟು ಎಷ್ಟು ಜನ ಅಂತ ಹಿಂದಿನ ದಿನ ಮಧ್ಯಾಹ್ನದೊಳಗೆ ಹೇಳಿ. ಬನ್ಸ್ ಹಿಟ್ಟು ರಾತ್ರಿಯೇ ಕಲಸಿಡಬೇಕು.